ಬಾಯಲ್ಲಿ ಹೇಳದ ಹೆಸರು

ಮುಂಬೈ ಸರಕಾರದ ಕಾಲ. ಬನಹಟ್ಟಿಯ ನೇಕಾರರ ಓಣಿಯಲ್ಲಿ ಹೆಂಗಸರಿಗೆ ಅಕ್ಷರ ಕಲಿಸಲು ಹೊರಟ ಕುಮುದಿನಿಬಾಯಿ ಅನುದಾನಕ್ಕೆ ಅರ್ಜಿ ಹಾಕಿದರು. ಕೇಳಿದ್ದು ಪಾಟಿ, ಚಾಪೆ, ಒಂದು ಕಪ್ಪು ಹಲಗೆ, ಅಷ್ಟೇ. ಅರ್ಜಿ ವಾಪಸು ಬಂತು: ಇಪ್ಪತ್ತು ಹೆಂಗಸರ ಗಂಡಂದಿರ ಹೆಸರು ಬರೆದಿಲ್ಲ.

ಬರೆಯುವುದು ಹೇಗೆ? ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಹೆಂಗಸು ಆ ಓಣಿಯಲ್ಲಿ ಒಬ್ಬಳೂ ಇರಲಿಲ್ಲ. ವಾಪಸು ಕಳಿಸಿದ ಸಾಹೇಬರ ಹೆಂಡತಿಯಾದರೂ ಹೇಳುತ್ತಿದ್ದಳೇ? ಗಂಡಸರನ್ನೇ ಕೇಳೋಣವೆಂದರೆ, ಹೆಂಡತಿ ಓದಲು ಹೋಗುವುದು ಅವರಿಗೆ ಗೊತ್ತಾದ ಮರುದಿನವೇ ಕಲಿಕೆ ಬಂದ್.

“ಬಾಯಿಲೆ ಹೇಳಬಾರದ್ರಿ ಬಾಯಾರ. ಕೈಲೆ ಬರದ್ರ ನಡೀತೈತಿ, ಕಲಸ್ರಿ,” ಎಂದಳು ಆ ಇಪ್ಪತ್ತು ಹೆಂಗಸರಲ್ಲೊಬ್ಬಳಾದ ಹಾಲವ್ವ.

ಕುಮುದಿನಿಬಾಯಿ ತಾವೇ ಪಾಟಿ ತಂದರು. ದಿನವಿಡೀ ನೂಲು ಸುತ್ತಿ ಒಡೆದ ಆ ಹೆಂಗಸರ ಬೆರಳುಗಳಿಂದ ಎಂಟು ತಿಂಗಳು ಅಕ್ಷರ ತಿದ್ದಿಸಿದರು. ಕೊನೆಗೆ ಇಪ್ಪತ್ತೂ ಹೆಂಗಸರು ಅರ್ಜಿಯ ಮೇಲೆ ಗಂಡನ ಹೆಸರನ್ನು ತಾವೇ ಬರೆದರು. ಹಾಲವ್ವ ಬರೆದು ಮುಗಿಸಿ ನಾಚಿ ಬಾಯಿಗೆ ಸೆರಗು ಒತ್ತಿಕೊಂಡಳು.

ಕಚೇರಿಯಲ್ಲಿ ಸಾಹೇಬರು ಸೊಟ್ಟ ಅಕ್ಷರಗಳನ್ನು ನೋಡಿದರು. “ಯಾರು ಬರದಾರ್ರಿ ಇದನ್ನ?”

“ಅವರೇ ಬರದಾರ್ರೀ!” ಎಂದರು ಕುಮುದಿನಿಬಾಯಿ ಹೆಮ್ಮೆಯಿಂದ.

ಸಾಹೇಬರು ಅರ್ಜಿಯನ್ನು ಮೇಜಿನ ಈಚೆಗೆ ತಳ್ಳಿದರು. “ಹಂಗಾದ್ರ ಆಗೂದಿಲ್ರಿ. ಈ ಅನುದಾನ ಅಕ್ಷರ ಗೊತ್ತಿಲ್ಲದವ್ರಿಗೆ.”