ಮೂರನೆಯ ಒಲೆ

ಎಂಬತ್ತರ ದಶಕದ ಕೊನೆಯಲ್ಲಿ ನಾನು ಚನ್ನಗಿರಿಯ ಒಂದು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ಕುಟುಂಬವೆಂದರೆ ಒಂದೇ ಸೂರಿನಡಿ ಬಾಳಿ, ಒಂದೇ ಒಲೆಯಲ್ಲಿ ಬೆಂದದ್ದನ್ನು ಉಂಡು, ಒಬ್ಬರಿಗೊಬ್ಬರು ಆಸರೆಯಾಗುವ ಗುಂಪು ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದೆ. ಹುಡುಗರು ತಲೆ ಬಗ್ಗಿಸಿ ಬರೆದುಕೊಳ್ಳುತ್ತಿದ್ದರು. ಸೂರು, ಒಲೆ, ಎರಡೂ ಸರಿ. ಆಸರೆ ಎಂಬ ಮಾತು ಬಂದಾಗ ಮಾತ್ರ ಸೀಮೆಸುಣ್ಣ ಹಿಡಿದ ಕೈ ತುಸು ತಡೆಯುತ್ತಿತ್ತು. ಯಾರು ಯಾರಿಗೆ, ಎಲ್ಲಿಯವರೆಗೆ ಎಂದು ಪಠ್ಯಪುಸ್ತಕ ಹೇಳುವುದಿಲ್ಲ. ಹೇಳದೆ ಬಿಟ್ಟದ್ದರ ಮೇಲೆ ನನಗೆ ಮೊದಲಿನಿಂದಲೂ ಅನುಮಾನ.

ನಮ್ಮೂರು ನ್ಯಾಮತಿ ಕಡೆಯದು, ಗೋವಿನಕೋವಿಯಿಂದ ದೂರವೇನಲ್ಲ. ನಾನು ಚಿಕ್ಕವಳಿದ್ದಾಗಲೇ ಅಪ್ಪ ತೀರಿಕೊಂಡಿದ್ದರು. ಮನೆಯಲ್ಲಿ ಅಜ್ಜಿ, ದೊಡ್ಡಪ್ಪನ ಸಂಸಾರ, ಚಿಕ್ಕಪ್ಪನ ಸಂಸಾರ, ಜೊತೆಗೆ ಅವ್ವ ಮತ್ತು ನಾನು. ಅವ್ವನ ತವರು ಜಗಳೂರು. ನೀರು ಕಾಣದ ಸೀಮೆಯಿಂದ ಬಂದವಳು, ಕೊಟ್ಟಷ್ಟಕ್ಕೆ ಸುಮ್ಮನಿರುತ್ತಾಳೆ ಎಂದು ನಮ್ಮ ಮನೆಯವರು ಅಂದುಕೊಂಡಿದ್ದರು. ಇನ್ನೊಂದು ರೊಟ್ಟಿ ಬೇಕೆನಿಸಿದರೆ ನಾನೂ ಮೊದಲು ದೊಡ್ಡವ್ವ, ಚಿಕ್ಕವ್ವರ ಮುಖ ನೋಡುತ್ತಿದ್ದೆ.

ಎಪ್ಪತ್ತರ ದಶಕದಲ್ಲಿ, ನಾನು ಹೈಸ್ಕೂಲಿನಲ್ಲಿದ್ದಾಗ, ಒಂದು ಕುಟುಂಬಕ್ಕೆ ಇಷ್ಟೇ ಜಮೀನು, ಮಿಕ್ಕದ್ದು ಸರ್ಕಾರಕ್ಕೆ ಎಂಬ ಕಾನೂನು ಬಂತು. ದೊಡ್ಡಪ್ಪ, ಚಿಕ್ಕಪ್ಪ ಪಡಸಾಲೆಯಲ್ಲಿ ಕೂತು ಉಪಾಯ ಹೂಡಿದರು. ನಾವು ಹಿಂದೆಯೇ ಬೇರೆಯಾಗಿದ್ದೇವೆ ಎಂದು ಹೊನ್ನಾಳಿಯ ಕಚೇರಿಗೆ ತಿಳಿಸುವುದು. ಸಾಹೇಬರು ಬಂದು ನೋಡಿದರೆ ಮನೆಯಲ್ಲಿ ಎರಡು ಒಲೆ ಕಾಣಬೇಕು. ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಬೇರೆಯಾದಂತೆಯೇ.

"ಸಾಹೇಬ್ರು ಬಂದು ಹೋಗಾ ತನಕ ಅಷ್ಟೇ. ಆಮೇಲೆ ಕೆಡವಿದ್ರಾತು," ಎಂದರು ದೊಡ್ಡಪ್ಪ.

ಹಳೆಯ ಅಡಿಗೆಮನೆ ದೊಡ್ಡವ್ವನಿಗೆ ಉಳಿಯಿತು. ಚಿಕ್ಕವ್ವನಿಗೆ ನಡುಮನೆಯ ಮೂಲೆಯಲ್ಲಿ ಹೊಸ ಮಣ್ಣಿನ ಒಲೆ ಹಾಕಿದರು. ಅಜ್ಜಿಗೆ ಈ ಆಟ ಹಿಡಿಸಲಿಲ್ಲ. ಆದರೆ ಹೊಸ ಒಲೆಗೆ ವಿಭೂತಿ ಹಚ್ಚದೆ, ಹಾಲು ಉಕ್ಕಿಸದೆ ಬೆಂಕಿ ಹಾಕುವುದನ್ನು ಅವಳು ಜನ್ಮದಲ್ಲಿ ಕಂಡಿರಲಿಲ್ಲ. ತೋರಿಕೆಯ ಒಲೆಗೂ ಶಾಸ್ತ್ರ ಮಾಡಿದಳು. ಎಡವಟ್ಟಾದದ್ದು ಅಲ್ಲೇ. ಸಂಜೆ ಒಟ್ಟಿಗೆ ಅಡಿಗೆ ಮಾಡೋಣ ಬಾ ಎಂದು ದೊಡ್ಡವ್ವ ಕರೆದರೆ ಚಿಕ್ಕವ್ವ ಕೂತಲ್ಲಿಂದ ಏಳಲಿಲ್ಲ.

"ವಿಭೂತಿ ಹಚ್ಚಿದ ಒಲೆ ತಣ್ಣಗೆ ಇಡಬಾರ್ದಕ್ಕಾ," ಎಂದಳು.

ಅದು ಭಕ್ತಿಯೋ, ಬಹಳ ದಿನದಿಂದ ಅದುಮಿಟ್ಟ ಆಸೆಯೋ, ನನಗೆ ಇವತ್ತಿಗೂ ಗುಮಾನಿ. ಅಜ್ಜಿಯ ಕೈಯ ವಿಭೂತಿಯನ್ನು ಅಳಿಸುವ ಧೈರ್ಯ ಗಂಡಸರಿಗೂ ಇರಲಿಲ್ಲ. ಉಪ್ಪು ಬೇರೆಯಾಯಿತು, ಎಣ್ಣೆ ಬೇರೆಯಾಯಿತು. ದೊಡ್ಡವ್ವ ತುಪ್ಪದ ಗಡಿಗೆಯ ಬಾಯಿಗೆ ಬಟ್ಟೆ ಕಟ್ಟಿ, ಹೊರಗೆ ಹೋಗಿ ಬಂದಾಗಲೆಲ್ಲ ಗಂಟು ಮುಟ್ಟಿ ನೋಡುತ್ತಿದ್ದಳು. ಅಣ್ಣತಮ್ಮಂದಿರು ಸುಳ್ಳು ಹೇಳಹೊರಟಿದ್ದು ಸರ್ಕಾರಕ್ಕೆ. ಈಗ ಅವರೇ ಒಬ್ಬರ ಮಾತನ್ನೊಬ್ಬರು ನಂಬುತ್ತಿರಲಿಲ್ಲ.

ಇಷ್ಟಾದರೂ ಅವ್ವ ಮತ್ತು ನಾನು ಯಾವ ಒಲೆಗೆ ಸೇರಿದವರೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಒಂದು ಸಂಜೆ ನಾವು ಚಿಕ್ಕವ್ವನ ಕಡೆ ಉಣ್ಣುತ್ತೇವೆ ಎಂದು ದೊಡ್ಡವ್ವ ಅಂದುಕೊಂಡಳಂತೆ. ದೊಡ್ಡವ್ವನ ಕಡೆ ಉಣ್ಣುತ್ತೇವೆ ಎಂದು ಚಿಕ್ಕವ್ವ ಅಂದುಕೊಂಡಳಂತೆ. ಅಂದುಕೊಂಡರೋ, ಅಂದುಕೊಂಡ ಹಾಗೆ ಮಾಡಿದರೋ. ಎರಡೂ ಕಡೆ ತಟ್ಟೆ ತೊಳೆಯುವ ಸದ್ದು ಕೇಳಿಸಿತು. ಅವ್ವ ನನಗೆ ಒಣ ಅವಲಕ್ಕಿ, ಬೆಲ್ಲ ಕೊಟ್ಟು ತಾನು ನೀರು ಕುಡಿದಳು. ನನಗೆ ಹಸಿವಿಗಿಂತ ಹೆದರಿಕೆಯೇ ಹೆಚ್ಚಾಯಿತು. ಇವರು ಕೈಬಿಟ್ಟರೆ ನಾವು ಎಲ್ಲಿಯವರು?

ಮರುದಿನ ಅವ್ವ ಮಣ್ಣು ಕಲೆಸಿ ಹಿತ್ತಲ ಜಗಲಿಯ ಮೇಲೆ ಒಂದು ಒಲೆ ಹಾಕಿದಳು.

"ಇದ್ಯಾಕವ್ವಾ?" ಎಂದರು ದೊಡ್ಡಪ್ಪ, ಹುಬ್ಬು ಗಂಟಿಕ್ಕಿ.

"ನೀರು ಕಾಯ್ಸಾಕೆ, ಭಾವ."

ಅಜ್ಜಿ ಬಂದು ನೋಡಿದಳು. ಒಳಗೆ ಹೋಗಿ ವಿಭೂತಿ ತಂದು ಮೂರು ಬೆರಳಲ್ಲಿ ಒಲೆಗೆ ಎಳೆದಳು. ಸೊಸೆಯ ಮೇಲಿನ ಕರುಳಿನಿಂದಲೋ, ಬರಿ ಒಲೆಗೆ ಬೆಂಕಿ ಬಿದ್ದರೆ ಮನೆಗೆ ಕೇಡೆಂಬ ಭಯದಿಂದಲೋ, ಹೇಳಲಾರೆ. ಆವತ್ತಿನಿಂದ ಅವ್ವ ತವರಿನಿಂದ ಬಂದಿದ್ದ ಜೋಳದ ಹಿಟ್ಟಿನಲ್ಲಿ ಅಲ್ಲೇ ರೊಟ್ಟಿ ಸುಡತೊಡಗಿದಳು.

ಕೊನೆಗೊಂದು ದಿನ ಸಾಹೇಬರ ಜೀಪು ಬಂತು. ಅವರು ಒಳಗಿನ ಎರಡೂ ಒಲೆಗಳನ್ನು ಬಗ್ಗಿ ನೋಡಿದರು, ಕಡ್ಡಿಯಿಂದ ಬೂದಿ ಕೆದಕಿದರು. ಆಮೇಲೆ ಕಂಬದ ಮರೆಯಲ್ಲಿ ನಿಂತಿದ್ದ ಅವ್ವನನ್ನು ನೋಡಿ, "ಈ ಯಮ್ಮ ಯಾವ ಮನೆಗೆ ಸೇರಿದ್ದು?" ಎಂದರು.

"ತಮ್ಮನ ಕಡೆ," ಎಂದರು ದೊಡ್ಡಪ್ಪ.

"ಅಣ್ಣನ ಕಡೆ," ಎಂದರು ಚಿಕ್ಕಪ್ಪ, ಅದೇ ಉಸಿರಿನಲ್ಲಿ.

ಸಾಹೇಬರು ಒಮ್ಮೆ ಅವರನ್ನು, ಒಮ್ಮೆ ಇವರನ್ನು ನೋಡಿದರು. ಅವ್ವ ಸೆರಗು ಹೊದ್ದು ಮುಂದೆ ಬಂದಳು.

"ಬರ್ರಿ ಸಾಹೇಬ್ರೆ. ನಮ್ಮನೆ ಹಿಂದೆ ಐತೆ."

ಹಿತ್ತಲಿನ ಒಲೆ ಉರಿಯುತ್ತಿತ್ತು. ಹಂಚು ಕಾದಿತ್ತು, ಗೋಡೆಗೆ ಮಸಿ ಹಿಡಿದಿತ್ತು. ದೊಡ್ಡಪ್ಪ ಏನೋ ಹೇಳಲು ಬಾಯಿ ತೆರೆದರು. ಆದರೆ ಅವ್ವನ ಒಲೆ ನಾಟಕ ಎನ್ನಬೇಕಾದರೆ ತಮ್ಮ ಒಲೆಯೂ ನಾಟಕ ಎನ್ನಬೇಕಿತ್ತು.

"ಹಂಗಾದ್ರೆ ಮೂರು ಮನೆ ಅನ್ರಿ," ಎಂದರು ಸಾಹೇಬರು, ಕಾಗದದಲ್ಲಿದ್ದ ಅಪ್ಪನ ಹೆಸರಿನ ಮೇಲೆ ಬೆರಳಿಟ್ಟು. "ಗಂಡನ ಪಾಲು ಈ ಯಮ್ಮಂದು. ಹೌದಲ್ರೀ?"

ದೊಡ್ಡಪ್ಪ ಹೌದೆಂದು ಗೋಣು ಆಡಿಸಿದರು. ಅವರನ್ನು ನೋಡಿ ಚಿಕ್ಕಪ್ಪನೂ ಆಡಿಸಿದರು.

ಜೀಪು ಹೋದ ಮೇಲೆ ಒಲೆ ಕೆಡವುವ ಮಾತನ್ನು ಯಾರೂ ಎತ್ತಲಿಲ್ಲ. ಅವ್ವ ಹಿತ್ತಲಿಗೆ ಬಂದು ರೊಟ್ಟಿ ಬಡಿಯಲು ಕೂತಳು. ನಾನು ಯಾರ ಮುಖವನ್ನೂ ನೋಡದೆ ಇನ್ನೊಂದು ರೊಟ್ಟಿ ಕೇಳಿದೆ.