ಮುದ್ದೆ ಬಿಟ್ಟ ಎರಡು ತಿಂಗಳು

ಮದ್ದೂರಿನ ಆಸ್ಪತ್ರೆಯ ಹಿರಿಯ ನರ್ಸಮ್ಮ ತೂಕದ ಮುಳ್ಳಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಕನ್ನಡಕವನ್ನು ನೆತ್ತಿಗೇರಿಸಿ, ತೂಕ ಇಳಿಸಬೇಕೆಂದು ಬಂದ ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದರು: “ಊಟ ಇರ್ಲಿ, ಬಾಯ್ಗೆ ಏನೇನು ಓಯ್ತು ಯೋಳವ್ವ.”

ಎರಡು ತಿಂಗಳು ಮುದ್ದೆ ಬಿಟ್ಟರೂ ನನ್ನ ತೂಕ ಇಳಿದಿರಲಿಲ್ಲ. ಮೈ ಕೊಬ್ಬು ಕರಗಿಸುವುದನ್ನೇ ಮರೆತಿದೆ, ಥೈರಾಯ್ಡೇ ಇರಬೇಕು ಎಂದು ಹೆದರಿ ರಕ್ತ ಪರೀಕ್ಷೆ ಮಾಡಿಸಿದ್ದೆ. ವರದಿ ನೋಡಿ, “ಮೈ ಸರಿಯಾಗೇ ಅದೆ ಕಣವ್ವ” ಎಂದವರು ಮತ್ತದೇ ಪ್ರಶ್ನೆ ಕೇಳಿದರು.

ಹಸಿವಾದಾಗಲೆಲ್ಲ ಸಕ್ಕರೆ ಟೀ, ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಎರಡು ವಡೆ. ಅದನ್ನೆಲ್ಲ ನಾನು ಊಟವೆಂದು ಎಣಿಸಿಯೇ ಇರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ನನಗೇ ನಗು ಬಂತು.

ಅವರು ನಗಲಿಲ್ಲ. ತಮ್ಮ ಊಟದ ಡಬ್ಬಿ ಬಿಚ್ಚಿ, ಮುಚ್ಚಳದಲ್ಲಿ ಅರ್ಧ ಮುದ್ದೆ ಇಟ್ಟು, ಸಾರು ಸುರಿದು ನನ್ನ ಮುಂದೆ ತಳ್ಳಿದರು.

“ತಪ್ಪು ವಡೇದು. ಮುದ್ದೆಗ್ಯಾಕವ್ವ ಸಿಕ್ಸೆ?”