ನುಂಗದೆ ನೋಡಿದ ರುಚಿ

ಕೂತಲ್ಲಿ ಕೂರುವ ಜಾಯಮಾನ ನನ್ನದಲ್ಲ. ಹಾಲು ಕಾಯುವಷ್ಟು ಹೊತ್ತು ಕೂಡ ಒಲೆಯ ಮುಂದೆ ಸುಮ್ಮನೆ ನಿಲ್ಲಲಾರೆ. ಅಷ್ಟರೊಳಗೆ ಗೂಡಿನಲ್ಲಿದ್ದ ಡಬ್ಬಿಗಳನ್ನೆಲ್ಲ ಇಳಿಸಿ, ಮುಚ್ಚಳ ತೆಗೆದು, ಒಂದೊಂದನ್ನೇ ಮೂಸಿ ನೋಡಿರುತ್ತೇನೆ. ಹಾಲು ಉಕ್ಕಿರುತ್ತದೆ. "ನಿಂದು ನಾಯಿ ಮೂಗವಾ," ಎನ್ನುತ್ತಾರೆ ಅತ್ತೆ. ಅದು ಹೊಗಳಿಕೆಯೋ ಬೈಗುಳವೋ ನನಗೆ ಇವತ್ತಿಗೂ ತಿಳಿದಿಲ್ಲ.

ಆ ಮೂಗಿನಿಂದಲೇ ನನಗೆ ಅನ್ನ. ಮರಾಠಿ ಸೀಮೆಯ ಕೈಗಾರಿಕಾ ವಸಾಹತು ಚಿಂಚೋಳಿ ಎಂಐಡಿಸಿಯ ಒಂದು ಶೀತಲ ಗೋದಾಮಿನಲ್ಲಿ ನನ್ನ ಕೆಲಸ. ಹೊರದೇಶದ ದುಬಾರಿ ತಿನಿಸುಗಳು ಅಲ್ಲಿಗೆ ಬಂದಿಳಿದು, ಅಲ್ಲಿಂದ ಪುಣೆ, ಹೈದರಾಬಾದಿನ ದೊಡ್ಡ ಹೋಟೆಲುಗಳಿಗೆ ಹೋಗುತ್ತವೆ. ನೀಲಿ ಬೂಷ್ಟು ಹಿಡಿದ ಚೀಸು, ಎಣ್ಣೆಯಲ್ಲಿ ಮುಳುಗಿದ ಆಲಿವ್, ಮರದ ಪೀಪಾಯಿಯಲ್ಲಿ ವರ್ಷಗಟ್ಟಲೆ ಕೂತ ಕಪ್ಪು ಸಿರ್ಕಾ ಅಂದರೆ ವಿನೆಗರ್, ಕೇಸರಿ, ಒಣ ಅಂಜೂರ. ಯಾವುದು ಮುಂದೆ ಹೋಗಬೇಕು, ಯಾವುದು ಬಂದ ದಾರಿಗೆ ಸುಂಕವಿಲ್ಲವೆಂದು ವಾಪಸ್ಸಾಗಬೇಕು ಎಂದು ಆರಿಸುವವಳು ನಾನು. ಎಲ್ಲಕ್ಕಿಂತ ಕಠಿಣ ಪರೀಕ್ಷೆ ಕ್ಯಾವಿಯರ್‌ನದು. ದೊಡ್ಡ ಜಾತಿಯ ಒಂದು ಮೀನಿನ ತತ್ತಿಗಳಿಗೆ ಹದವಾಗಿ ಉಪ್ಪು ಬೆರೆಸಿ ತಗಡಿನ ಡಬ್ಬಿಯಲ್ಲಿ ತುಂಬಿದ್ದು ಅದು. ಡಬ್ಬಿ ತೆರೆದರೆ ಕಾಳುಗಳು ಒಂದಕ್ಕೊಂದು ಅಂಟದೆ ಬಿಡಿಬಿಡಿಯಾಗಿ ಹೊಳೆಯಬೇಕು. ತಳದಲ್ಲಿ ನೀರು ನಿಂತಿರಬಾರದು. ಮೀನಿನ ತತ್ತಿಯೇ ಆದರೂ ಮೀನಿನ ವಾಸನೆ ಹೊಡೆಯಬಾರದು. ಹೆಬ್ಬೆರಳಿನ ಬುಡದಲ್ಲಿ, ಮುಂಗೈ ಮೇಲೆ ಚಿಟಿಕೆಯಷ್ಟು ಇಟ್ಟುಕೊಂಡು ನಾಲಿಗೆಯಿಂದ ತೆಗೆದುಕೊಂಡು ಅಂಗುಳಕ್ಕೆ ಒತ್ತಿದರೆ ಒಂದೊಂದು ಕಾಳೂ ತನ್ನ ಪಾಡಿಗೆ ತಾನು ಒಡೆಯಬೇಕು. ಬಲಿತು ಹೋದ ತತ್ತಿಯಾದರೆ ಒಡೆಯದೆ ಗಂಜಿಯಾಗುತ್ತದೆ. ಅಂಥ ಡಬ್ಬಿ ವಾಪಸ್ಸು.

ನಮ್ಮದು ಕೋಳಿಮೊಟ್ಟೆಯೂ ಹೊಸ್ತಿಲು ದಾಟದ ಮನೆ. ಕೆಲಸಕ್ಕೆ ಸೇರುವಾಗ ಇದೇ ದೊಡ್ಡ ರಗಳೆಯಾಗಿತ್ತು. ಕಾಲೇಜಿನ ಕಚೇರಿಯಲ್ಲಿ ಗುಮಾಸ್ತರಾಗಿರುವ ನನ್ನ ಗಂಡ ಪೇಪರಿನ ಹಿಂದೆ ಮುಖ ಮುಚ್ಚಿಕೊಂಡು ಕೂತುಬಿಟ್ಟರು. ತಾಯಿ-ಹೆಂಡತಿ ನಡುವೆ ಮಾತಾಡಿ ಕೆಟ್ಟವರಾಗುವ ಪೈಕಿ ಅವರಲ್ಲ. ಅತ್ತೆಯೇ ಎರಡು ದಿನ ಯೋಚಿಸಿ ತೀರ್ಪು ಕೊಟ್ಟರು. "ಬಾಯಿ ಅಂದ್ರ ಅಂಗಳಾ, ಗಂಟಲ ಅಂದ್ರ ಹೊಸ್ತಲಾ. ಅಂಗಳಕ್ಕ ಯಾರ ಬಂದ್ರೂ ನಡೀತೈತಿ. ನೀ ಚವ ನೋಡು, ಉಗುಳು. ಗಂಟಲ ಕೆಳಗ ಇಳೀಲಿಲ್ಲ ಅಂದ್ರ ತಿಂದಂಗಲ್ಲ."

ಅಂದಿನಿಂದ ನಾನು ಜಗತ್ತಿನ ಒಳ್ಳೊಳ್ಳೆಯ ತಿನಿಸುಗಳನ್ನೆಲ್ಲ ಬಾಯಿಗೆ ಹಾಕಿಕೊಂಡು ಉಗುಳುತ್ತಾ ಬಂದವಳು. ಮೊದಮೊದಲು ಮೀನಿನ ತತ್ತಿಯನ್ನು ಮಾತ್ರ ಉಗುಳುತ್ತಿದ್ದೆ. ಬರಬರುತ್ತ ಚೀಸೂ ಅಂಜೂರವೂ ಅದೇ ದಾರಿ ಹಿಡಿದವು. ಮನೆಯಲ್ಲಿ ಸಾರಿನ ಉಪ್ಪು ನೋಡಿದರೂ ಮುಖ ತಾನಾಗಿ ಮೋರಿಯ ಕಡೆ ತಿರುಗುತ್ತಿತ್ತು. ಇವರು ನಗುತ್ತಿದ್ದರು. "ಇಕಿ ಲಗ್ನದಾಗ ತುತ್ತ ಹಾಕೀದ್ದನ್ನರ ನುಂಗ್ಯಾಳೋ ಇಲ್ಲೋ ಕೇಳ್ರಿ," ಎಂದು ಬಂದವರ ಮುಂದೆ ಹೇಳಿ ನನ್ನ ಮರ್ಯಾದೆ ತೆಗೆಯುತ್ತಿದ್ದರು.

ಹಾಗೆ ನಗುತ್ತಿದ್ದ ಮನುಷ್ಯನಿಗೆ ಹೋದ ಮಳೆಗಾಲದ ಕೊನೆಗೆ ಜ್ವರ ಬಂತು. ದವಾಖಾನೆಯಿಂದ ಮನೆಗೆ ಬರುವಾಗ ಜ್ವರ ಬಿಟ್ಟಿತ್ತು, ಅದರ ಜೊತೆಗೇ ವಾಸನೆಯೂ ರುಚಿಯೂ ಬಿಟ್ಟು ಹೋಗಿದ್ದವು. ಮೊದಲ ವಾರ ತಮಾಷೆ ಮಾಡಿದೆವು. ಆಮೇಲೆ ತಮಾಷೆ ನಿಂತಿತು. ಬಾಯಿಗೆ ಇಟ್ಟ ತುತ್ತು ಇಟ್ಟ ಹಾಗೆಯೇ ಹೊರಗೆ ಬರುತ್ತಿತ್ತು.

"ಹಸಿ ಅರಿವಿ ಬಾಯಾಗ ತುರುಕಿದಂಗ ಆಕ್ಕೈತಿ," ಎನ್ನುತ್ತಿದ್ದರು, ಒದ್ದೆ ಬಟ್ಟೆ ಅಗಿದವರ ಮುಖ ಮಾಡಿ. "ನುಂಗಾಕ ಹೋದ್ರ ಒಳಗಿಂದ ಯಾರೋ ನೂಕತಾರ."

ಅಂಗಿಯ ಕಾಲರಿನಲ್ಲಿ ಕುತ್ತಿಗೆ ಆಡತೊಡಗಿತು. ಡಾಕ್ಟರು ಹೊಟ್ಟೆ, ಗಂಟಲು ಎಲ್ಲ ನೋಡಿ, ಎಲ್ಲಿಯೂ ದೋಷವಿಲ್ಲ, ರುಚಿ ಯಾವಾಗ ಬರುತ್ತದೋ ಹೇಳಲಾಗದು ಎಂದರು. ಸಂಕ್ರಾಂತಿ ಮುಗಿಸಿ ಮತ್ತೆ ಬನ್ನಿ, ಅಷ್ಟರೊಳಗೆ ತೂಕ ಇನ್ನೂ ಇಳಿದಿದ್ದರೆ ಮೂಗಿನಿಂದ ನಳಿಗೆ ಹಾಕಿ ಅನ್ನ ಇಳಿಸಬೇಕಾಗುತ್ತದೆ ಎಂದೂ ಹೇಳಿದರು. ಹೊರಗೆ ಬಂದಮೇಲೆ ಇವರು, "ನಳಗಿ ನಕೋ, ಬ್ಯಾಡ," ಎಂದರು. ರಿಕ್ಷಾದಲ್ಲಿ ವಿಜಾಪುರ ರಸ್ತೆಯ ನಮ್ಮ ಮನೆ ಬರುವ ತನಕ ಅದೊಂದೇ ಮಾತು.

ನನಗೆ ಹುಚ್ಚು ಹಿಡಿಯುವುದೊಂದು ಬಾಕಿ. ಊರಿಗೆಲ್ಲ ರುಚಿ ಆರಿಸಿ ಕಳಿಸುವವಳ ಮನೆಯಲ್ಲಿ ಗಂಡ ಉಪವಾಸ. ಗೋದಾಮಿನಿಂದ ಕೊಂಡು ತರಲು ಸುರು ಮಾಡಿದೆ. ಬೆಣ್ಣೆಯಂಥ ಚೀಸು, ಅತಿ ಮೆತ್ತನೆಯ ಅಂಜೂರ, ನಾಲಿಗೆ ಸುಡುವ ಸಿರ್ಕಾ. ಆಫೀಸಿನ ಬಟ್ಟೆ ಬದಲಿಸದೆ, ಕೈಚೀಲ ಕೆಳಗಿಡದೆ, ಅವರ ಮುಂದೆ ತಟ್ಟೆ ಇಟ್ಟು ನಿಲ್ಲುತ್ತಿದ್ದೆ. ಅವರು ನನಗೆ ಬೇಜಾರಾಗದಿರಲಿ ಎಂದು ಬಾಯಿಗೆ ಹಾಕಿಕೊಳ್ಳುತ್ತಿದ್ದರು, ಕಣ್ಣಲ್ಲಿ ನೀರು ತಂದುಕೊಂಡು ಉಗುಳುತ್ತಿದ್ದರು. ನಾನು ತಟ್ಟೆ ಎತ್ತಿಕೊಂಡು ಹೋಗಿ ಇನ್ನೊಂದು ತರುತ್ತಿದ್ದೆ. ಊಟ ಬಲ್ಲವನಿಗೆ ರೋಗವಿಲ್ಲವಂತೆ. ಊಟ ಬಲ್ಲ ಹೆಂಡತಿಯಿದ್ದವನಿಗೆ ಏನಿಲ್ಲವೋ ಯಾವ ಗಾದೆಯೂ ಹೇಳುವುದಿಲ್ಲ.

ಒಂದು ಸಂಜೆ ಅತ್ತೆ ಜಪದ ಮಣೆಯಿಂದೆದ್ದು ನೇರವಾಗಿ ನನ್ನ ಹತ್ತಿರ ಬಂದರು.

"ಅದನ್ನ ತಗೊಂಡ ಬಾ."

"ಯಾವುದ್ರೀ ಅತ್ತೀ?"

"ಅದ, ಆ ಮೀನಿನ ತತ್ತಿ. ಎಲ್ಲಾಕ್ಕಿಂತ ಅದ ಭಾರಿ ಅಂತಿದ್ದೆಲ್ಲಾ."

"ಮನಿಯೊಳಗ?"

"ಅವ ಉಣ್ಣಲಿಲ್ಲ ಅಂದ್ರ ನಾ ಯಾರ ಸಲುವಾಗಿ ಹೊಸ್ತಲಾ ಕಾಯಲಿ?" ಎಂದರು. ದನಿ ಗಡುಸಾಗಿಯೇ ಇತ್ತು, ಕೈ ಮಾತ್ರ ಸೆರಗನ್ನು ಹಿಂಡುತ್ತಿತ್ತು. ನನಗೆ ಅವರ ಮೇಲೆ ಅಷ್ಟು ಪ್ರೀತಿ ಹಿಂದೆಂದೂ ಬಂದಿರಲಿಲ್ಲ.

ಮರುದಿನ ಎಲ್ಲಕ್ಕಿಂತ ಸಣ್ಣ ಡಬ್ಬಿಯೊಂದನ್ನು ಬರ್ಫದಲ್ಲಿಟ್ಟುಕೊಂಡು ಬಂದೆ. ಅತ್ತೆ ಬೆಳ್ಳಿಯ ಚಮಚ ತೊಳೆದು ಒರೆಸಿ ತಯಾರಾಗಿ ನಿಂತಿದ್ದರು. ಇವರು ಕೂಸಾಗಿದ್ದಾಗ ಮೊದಲ ಅನ್ನ ಉಣಿಸಿದ ಚಮಚ. ಬೆಳ್ಳಿ ತಾಗಿದರೆ ಇದರ ರುಚಿ ಕೆಡುತ್ತದೆ, ಮುತ್ತಿನ ಚಿಪ್ಪಿನ ಚಮಚವೇ ಆಗಬೇಕು ಎಂದೆ. "ಬೆಳ್ಳಿಗಿಂತ ಚಿಪ್ಪ ಹೆಚ್ಚಾತೇನ?" ಎಂದು ಅವರಿಗೆ ಸಿಟ್ಟು ಬಂತು. "ಚವಾನ ಗೊತ್ತಾಗದವಗ ಕೆಡೂದೇನ ಉಳದೈತಿ?" ಅದೂ ನಿಜವೇ. ಆದರೂ ನಾನು ನನ್ನ ಹಟ ಬಿಡದೆ ಮರದ ಸೌಟಿನ ತುದಿಯಿಂದ ಚಿಟಿಕೆಯಷ್ಟು ತೆಗೆದು ಇವರ ಮುಂಗೈ ಮೇಲಿಟ್ಟೆ. ಅವರು ಒಮ್ಮೆ ತಾಯಿಯನ್ನು ನೋಡಿದರು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸಿದರು.

ಬಾಯಿಗೆ ಹಾಕಿಕೊಂಡವರ ಹುಬ್ಬು ಮೇಲೇರಿತು. ಆಮೇಲೆ ಬಟ್ಟಲು ಎಳೆದುಕೊಂಡು ಉಗುಳಿದರು.

"ಚವ ಬಂತೇನ್ರಿ?"

"ಚವ ಇಲ್ಲ. ಆದ್ರ ಟಪ್ಪ್ ಅಂತು ನೋಡು. ಬಾಯಾಗ ಏನರ ಐತಿ ಅಂತ ಭಾಳ ದಿವಸಕ್ಕ ಗೊತ್ತಾತು."

"ಮತ್ತ ನುಂಗಬೇಕಿಲ್ರಿ?"

"ನೀ ಇಷ್ಟ ವರ್ಷ ಉಗುಳೀದಿ. ನಾ ಹ್ಯಾಂಗ ನುಂಗಲಿ?"

ಆ ರಾತ್ರಿ ಅಡುಗೆ ಮಾಡುತ್ತಲೂ ಅದೇ ಯೋಚನೆ. ಟಪ್ಪ್ ಎಂದಿತಂತೆ. ಟಪ್ಪೆನ್ನುವುದು ನಮ್ಮ ಕಡೆ ಇನ್ನೇನಿದೆ? ಹೊಳೆದ ಕೂಡಲೇ ಅಕ್ಕಲಕೋಟೆಗೆ ಫೋನು ಹಚ್ಚಿದೆ. ಅಲ್ಲಿ ಇವರ ಅಕ್ಕನ ಮನೆ, ಊರ ಹೊರಗೆ ಅವರ ಜೋಳದ ಹೊಲ. "ಸೀತನಿ ಬಂದೈತ್ರೀ?" ಎಂದು ಕೇಳಿದೆ. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಅಂಗೈಯಲ್ಲಿ ತಿಕ್ಕಿ, ಸಿಪ್ಪೆ ಊದಿ ತಿನ್ನುವ ಆ ಹಸಿ ಕಾಳಿನ ಹಬ್ಬ ನಮ್ಮಲ್ಲಿ ಚಳಿಗಾಲದ ಕೆಲವೇ ದಿನಗಳದು. ಮರಾಠಿಯವರು ಹುರಡಾ ಎನ್ನುತ್ತಾರೆ. "ಬಂದೈತಿ, ಇನ್ನ ನಾಕ ದಿವಸ ಬಿಟ್ರ ಬಲೀತೈತಿ, ಲಗೂನ ಬರ್ರಿ," ಎಂದರು ಅಕ್ಕ.

ಭಾನುವಾರ ಹೋದೆವು. ಹೊಲದ ಬದುವಿನಲ್ಲಿ ಅಕ್ಕ ಕುಣಿ ತೋಡಿ, ಸಗಣಿ ಕುಳ್ಳಿನ ಕೆಂಡ ಮಾಡಿಟ್ಟಿದ್ದರು. ಇವರನ್ನು ಚಾಪೆಯ ಮೇಲೆ ಶಾಲು ಹೊದಿಸಿ ಕೂಡಿಸಿ ನಾನು ಬೆಳೆಯೊಳಗೆ ನುಗ್ಗಿದೆ. ಇಲ್ಲಿ ನನ್ನ ವಿದ್ಯೆಯೆಲ್ಲ ಕೆಲಸಕ್ಕೆ ಬಂತು. ತೆನೆಯ ಬಣ್ಣ ನೋಡಿದೆ, ಕಾಳಿಗೆ ಉಗುರು ಒತ್ತಿದೆ. ನೀರು ಬಂದರೆ ಎಳಸು, ಹಿಟ್ಟು ಬಂದರೆ ಬಲಿತದ್ದು, ಹಾಲು ಬಂದರೆ ಅದೇ ಅದು. ಅಕ್ಕ ಮೊದಲೇ ಕೊಯ್ದು ತಂದಿಟ್ಟ ರಾಶಿಯನ್ನೂ ಬಿಡಲಿಲ್ಲ. ಅದರೊಳಗಿನ ಬಲಿತ ತೆನೆಗಳನ್ನು ಎತ್ತೆತ್ತಿ ಆಚೆ ಹಾಕಿದೆ.

"ಅವನ್ನ ಎಮ್ಮಿಗೆ ಹಾಕ್ರಿ," ಎಂದೆ.

"ಅಯ್ಯ, ನಮ್ಮ ಮನ್ಯಾಗ ಅವನ್ನೂ ತಿಂತಾರವಾ," ಎಂದರು ಅಕ್ಕ, ಸ್ವಲ್ಪ ನೊಂದೇ. ಅವುಗಳಲ್ಲೂ ಒಂದಿಷ್ಟನ್ನು ಕೆಂಡಕ್ಕೆ ಒಡ್ಡಿದರು.

ಹಾಲುಗಾಳಿನ ತೆನೆ ಸುಟ್ಟು, ತಿಕ್ಕಿ, ತಟ್ಟೆಯಲ್ಲಿ ಹರಡಿ, ಒಡೆದ ಕಾಳು, ಕರಿದಾದ ಕಾಳು ಒಂದೂ ಇಲ್ಲದ ಹಾಗೆ ಆರಿಸಿದೆ. ಹಸಿರು ಮುತ್ತಿನಂಥ ಕಾಳು. ಗೋದಾಮಿನ ಯಾವ ಡಬ್ಬಿಯೂ ಅದರ ಮುಂದೆ ನಿಲ್ಲುತ್ತಿರಲಿಲ್ಲ. ಶೇಂಗಾ ಚಟ್ನಿ, ಬೆಲ್ಲ, ಕೆನೆಮೊಸರು ಸುತ್ತ ಇಟ್ಟು ಇವರ ಕೈಗೆ ಕೊಟ್ಟೆ. ಒಂದು ಮುಕ್ಕು ಹಾಕಿಕೊಂಡರು. ಎರಡು ಸಲ ಅಗಿದರು. ಗಂಟಲಿನಿಂದ ಓಕರಿಕೆ ಬಂತು. ಮಣ್ಣಿನ ಮೇಲೆ ಉಗುಳಿದರು.

"ಮೆತ್ತಗೈತಿ," ಎಂದರು. "ಅದ ಹಸಿ ಅರಿವಿ."

ನನಗೆ ತಲೆ ಕೆಟ್ಟಿತು. "ಇದಕಿಂತ ಛಲೋದು ಇನ್ನ ಎಲ್ಲಿಂದ ತರ್ಲಿ ನಾ? ಸ್ವರ್ಗಕ್ಕ ಹೋಗ್ಲೇನ?" ಎಂದು ಎಲ್ಲರೆದುರು ಕಿರುಚಿದೆ. ತಟ್ಟೆಯನ್ನು ಅಲ್ಲೇ ಬಿಟ್ಟು ಬಾವಿಯ ತನಕ ನಡೆದು ಹೋದೆ. ಹೆದರಿಕೆ ಅದು, ಸಿಟ್ಟಲ್ಲ. ಈ ಮನುಷ್ಯ ನನ್ನ ಕಣ್ಣೆದುರಿಗೇ ಕರಗಿ ಹೋಗುತ್ತಾರೆ, ನನ್ನ ಮೂಗು ನಾಲಿಗೆಗಳನ್ನು ಕಟ್ಟಿಕೊಂಡು ನಾನೇನು ಮಾಡಲಿ ಎಂದು ಅಳು ಬಂತು. ಬಾವಿಕಟ್ಟೆಯ ಮೇಲೆ ಕೂರಲೂ ಆಗದೆ ಒಂದು ಸುತ್ತು ಹಾಕಿ ವಾಪಸ್ಸು ಬಂದೆ.

ಹತ್ತಿರ ಬರುತ್ತಿದ್ದಂತೆ ಕಟುಂ ಕಟುಂ ಎಂಬ ಸಪ್ಪಳ ಕೇಳಿತು. ಇವರು ಚಾಪೆಯಿಂದ ಸರಿದು ಕುಣಿಯ ಹತ್ತಿರ ಕೂತಿದ್ದರು. ಶಾಲು ಜಾರಿತ್ತು. ಕೈಯಲ್ಲಿ ನಾನು ಆಚೆ ಎಸೆದಿದ್ದ ಬಲಿತ ತೆನೆ, ಅಂಗೈ ತುಂಬ ಮಸಿ. ದವಡೆ ಎತ್ತಿನದರಂತೆ ಆಡುತ್ತಿತ್ತು. ಅತ್ತೆಯೂ ಅಕ್ಕನೂ ಉಸಿರು ಬಿಗಿಹಿಡಿದು ಆ ಕುತ್ತಿಗೆಯನ್ನೇ ನೋಡುತ್ತಿದ್ದರು. ಕುತ್ತಿಗೆಯ ಮಣಿ ಮೇಲೆ ಹೋಗಿ ಕೆಳಗಿಳಿಯಿತು.

"ಅದು ಎಮ್ಮೀದ್ರಿ," ಎಂದೆ.

"ಎಮ್ಮಿ ಶಾಣ್ಯಾ ಐತಿ," ಎಂದರು. ಇನ್ನೊಂದಿಷ್ಟು ಕಾಳು ಹಾಕಿಕೊಂಡು ಅಗಿದರು, ನುಂಗಿದರು. "ಇದು ಹಲ್ಲಿಗೆ ಸಿಗತೈತಿ. ಕಿವಿಗೆ ಕೇಳತೈತಿ. ನೀ ತಂದದ್ದೆಲ್ಲಾ ಬೆಣ್ಣಿ, ಹಾಲು, ಮುತ್ತು. ನೀ ನಿನ್ನ ನಾಲಿಗಿಗೆ ಆರಿಸಾಕತ್ತೀದಿ. ಇನ್ನ ಆರಿಸಬ್ಯಾಡ. ಕುಂದುರು."

ಕೂತೆ. ಅಲ್ಲೇ, ಮಣ್ಣಿನ ಮೇಲೆ. ಅವರು ಮತ್ತೊಂದು ತೆನೆ ತಿಕ್ಕಿ, ಉಫ್ ಎಂದು ಊದಿ, ಅರ್ಧ ತಾವಿಟ್ಟುಕೊಂಡು ಅರ್ಧವನ್ನು ನನ್ನ ಅಂಗೈಗೆ ಸುರಿದರು. ಬಾಯಿಗೆ ಹಾಕಿಕೊಂಡೆ. ಹಿಟ್ಟು ಹಿಟ್ಟು, ಒಂದು ಬದಿ ಸೀದ ವಾಸನೆ, ಸಿಹಿ ಎಂದೋ ಹೋಗಿದೆ. ಅಭ್ಯಾಸಬಲದಿಂದ ಮುಖ ಬದುವಿನ ಕಡೆ ತಿರುಗಿತು. ಅತ್ತೆ ನನ್ನನ್ನೇ ನೋಡುತ್ತಿದ್ದರು.

ಗೋದಾಮಿನಲ್ಲಾಗಿದ್ದರೆ ವಾಪಸ್ಸು ಕಳಿಸುತ್ತಿದ್ದೆ. ನುಂಗಿದೆ.